ಎಡಗೈಯ ಎರಡು ಬೆರಳು

ನಮ್ಮ ಭಾವನನ್ನು ಬೇಟೆಯವರು ‘ಸರ್ಜನ್’ ಎಂದು ಕರೆಯುತ್ತಿದ್ದರು. ತಮಾಷೆಗೆ ಯಾರೋ ಅಂದದ್ದು ಅಂಟಿಕೊಂಡುಬಿಟ್ಟಿತ್ತು. ನಲವತ್ತು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಪರವಾನಗಿ ಇದ್ದವರು ಹೊಡೆಯುತ್ತಿದ್ದರು. ನಾನು ಭಾವನನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. ಅವರು ಹಂದಿ ಬಿದ್ದ ಜಾಗದಲ್ಲೇ ಹೊಟ್ಟೆ ಬಿಡಿಸುತ್ತಿದ್ದರು, ಆಮೇಲೆ ಮನೆಯ ಹಿಂದಿನ ಶೆಡ್ಡಿಗೆ ತಂದು ಕೊಕ್ಕೆಗೆ ನೇತುಹಾಕಿ ಚರ್ಮ ಸುಲಿಯುತ್ತಿದ್ದರು.

ನಾನು ಮುಂಗೋಪಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೋದ ವರ್ಷ ನಡೆದದ್ದಕ್ಕೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಎಲ್ಲರ ಮೇಲೂ ಹಾರಾಡಿದ್ದೇನೆ, ಭಾವನೊಬ್ಬರನ್ನು ಬಿಟ್ಟು. ಅವರ ಮೇಲೆ ಸಿಟ್ಟು ಬಂದಿರಲಿಲ್ಲ ಅಂತಲ್ಲ. ಎದುರು ನಿಂತರೆ ಬಾಯಿ ಬರುತ್ತಿರಲಿಲ್ಲ.

ಹಂದಿಯ ಕೆಲಸ ನೋಡದವರಿಗೆ ಅದೇನು ಮಹಾ ಅನಿಸಬಹುದು. ಕುರಿಯ ಚರ್ಮವನ್ನು ಅಂಗಿ ಕಳಚಿದ ಹಾಗೆ ಎಳೆದು ತೆಗೆಯಬಹುದು. ಹಂದಿ ಹಾಗೆ ಬಿಟ್ಟುಕೊಡುವ ಪ್ರಾಣಿಯಲ್ಲ. ಚರ್ಮಕ್ಕೂ ಕೊಬ್ಬಿಗೂ ಬಿಡದ ನಂಟು, ಇಂಚಿಂಚೂ ಚಾಕುವಿನಿಂದಲೇ ಬಿಡಿಸಬೇಕು. ರೋಮದ ಬುಡದಲ್ಲಿ ಒಣಗಿದ ಕೆಸರು, ಎರಡು ಸಲ ಎಳೆಯುವಷ್ಟರಲ್ಲಿ ಚಾಕು ಮೊಂಡಾಗುತ್ತದೆ. ಮೈ ತಣ್ಣಗಾಗುತ್ತಿದ್ದಂತೆ ಉಣ್ಣೆ ಹುಳುಗಳು ಅದನ್ನು ಬಿಟ್ಟು ನಮ್ಮ ಕೈಗೆ ಹತ್ತುತ್ತವೆ. ದೊಡ್ಡ ಗಂಡು ಹಂದಿಯಾದರೆ ಭುಜದ ಮೇಲೆ ಹಲಗೆಯಂಥ ದಪ್ಪ ತೊಗಲು, ಅಲ್ಲಿ ಮೊಣಕೈ ಸೋತುಹೋಗುತ್ತದೆ.

ಆದರೆ ನಿಜವಾದ ಪರೀಕ್ಷೆ ಅದಕ್ಕೂ ಮೊದಲಿನದು, ಹೊಟ್ಟೆ ಬಿಡಿಸುವುದು. ಹಿಂಬದಿಯ ದ್ವಾರದ ಸುತ್ತ ಕೊರೆದು, ದಾರ ಬಿಗಿದು, ಕೆಳಗಿನಿಂದ ಎದೆಗೂಡಿನ ತನಕ ಒಂದೇ ಗೆರೆಯಲ್ಲಿ ಸೀಳಬೇಕು. ತೊಗಲಿನ ಕೆಳಗೇ ಕರುಳು, ಅದರ ಪಕ್ಕದಲ್ಲೇ ತುಂಬಿದ ಮೂತ್ರಚೀಲ. ಚಾಕುವಿನ ಮೊನೆ ಎಲ್ಲಾದರೂ ತಾಗಿತೋ, ಒಳಗಿದ್ದದ್ದೆಲ್ಲ ಮಾಂಸದ ಮೇಲೆ. ಗೀರು ಬಿದ್ದದ್ದು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಆ ವಾಸನೆಯನ್ನು ಒಂದು ಸಲ ಕಂಡವರು ಮರೆಯುವುದಿಲ್ಲ.

ಭಾವನ ಕೈಯಲ್ಲಿ ಆ ವಾಸನೆ ಬಂದದ್ದು ಒಂದೇ ಒಂದು ಸಲ, ಅವರಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ. ಕೆಲಸ ಕಲಿಸಿದ ಕಟುಕ ಹೊಸದಾಗಿ ದಪ್ಪ ರಬ್ಬರಿನ ಕೈಗವಸು ಕೊಡಿಸಿದ್ದನಂತೆ. ಒಂದು ಡಜನ್ ಬೇಟೆಯವರು ಸುತ್ತ ನಿಂತಿದ್ದರು. ಕೈಗವಸಿನೊಳಗೆ ಬೆರಳಿಗೆ ಏನೂ ತಿಳಿಯಲಿಲ್ಲ, ಕರುಳು ಸೀಳಿತು, ಇಡೀ ಹಂದಿ ಹಾಳಾಯಿತು. ಕಟುಕ ಎಲ್ಲರೆದುರಿಗೆ ಕಪಾಳಕ್ಕೆ ಬಿಟ್ಟು, ಕೈಗವಸನ್ನು ಕಿತ್ತು ಬೆಂಕಿಗೆ ಎಸೆದನಂತೆ. ಅವತ್ತಿನಿಂದ ಭಾವ ಬರಿಗೈಯಲ್ಲೇ ಕೆಲಸ ಮಾಡಿದರು. ಎಡಗೈಯ ತೋರುಬೆರಳು ಮತ್ತು ನಡುಬೆರಳನ್ನು ಸೀಳಿನೊಳಗೆ ಇಳಿಸಿ, ತೊಗಲನ್ನು ಮೇಲಕ್ಕೆತ್ತಿ, ಆ ಎರಡು ಬೆರಳ ನಡುವೆ ಚಾಕು ಓಡಿಸುವುದು. ಚಾಕು ಮುಂದೆ, ಕರುಳು ಹಿಂದೆ, ನಡುವೆ ಬೆರಳು.

“ಕಣ್ಣಿರೋದು ಈ ಎರಡು ಬೆರಳ ತುದೀಲಿ,” ಎಂದು ಬೆರಳೆತ್ತಿ ತೋರಿಸುತ್ತಿದ್ದರು. “ಮುಖದಲ್ಲಿರೋದು ಟೀವಿ ನೋಡೋಕೆ.”

ಅವರಿಗೆ ಒಬ್ಬಳೇ ಮಗಳು. ನನ್ನ ಅಕ್ಕನಿಗೆ ಅವಳಾದ ಮೇಲೆ ಎರಡು ಸಲ ಬಸಿರು ನಿಂತಿತ್ತು, ಎರಡೂ ಉಳಿಯಲಿಲ್ಲ. ಅಕ್ಕ ಹೋಗಿ ಏಳು ವರ್ಷವಾಯಿತು. ಮಗಳು ಬಸ್ ಡಿಪೋದ ಮೆಕ್ಯಾನಿಕ್ ಒಬ್ಬನನ್ನು ಮದುವೆಯಾಗಿ, ಗಂಡನೊಡನೆ ಇದೇ ಮನೆಯಲ್ಲಿದ್ದಳು. ಅಳಿಯ ಮಾತಿಲ್ಲದ ಮನುಷ್ಯ. ಉಗುರಿನ ಗ್ರೀಸು ತಿಕ್ಕಿಕೊಳ್ಳುತ್ತ ನಲ್ಲಿಯ ಹತ್ತಿರ ಅರ್ಧ ಗಂಟೆ ನಿಲ್ಲುತ್ತಿದ್ದ. ಅವಳು ಅದಕ್ಕೆ, “ನಮ್ಮ ಮನೇಲಿ ಸೋಪು ಅನ್ನಕ್ಕಿಂತ ಜಾಸ್ತಿ ಖರ್ಚಾಗುತ್ತೆ ಮಾಮ,” ಎಂದು ನಗುತ್ತಿದ್ದಳು.

ಭಾವನಿಗೆ ಆಗಾಗ ಜ್ವರ ಬರುತ್ತಿತ್ತು. ಸಂಜೆ ಏರಿ, ಹಾಸಿಗೆ ನೆನೆಯುವಷ್ಟು ಬೆವೆತು, ಹತ್ತು ದಿನ ಕಾಡಿ ತಾನಾಗಿಯೇ ಹೋಗುತ್ತಿತ್ತು. ಮತ್ತೆ ಎರಡು ತಿಂಗಳಿಗೆ ಹಾಜರ್. ಸೊಂಟ ನೋವು, ಮಣಿಕಟ್ಟು ಊತ. ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ನುಂಗಿ, ಕೆಲಸದ ದಣಿವು ಎಂದು ಮಲಗುತ್ತಿದ್ದರು. ಮಣಿಕಟ್ಟು ಪೂರ್ತಿ ಕೈಕೊಟ್ಟಾಗ ಚಾಕು ಮಗಳ ಕೈಗೆ ಹೋಯಿತು. ಬೇಡ ಎಂದು ಕೂಗಾಡಿದವನು ನಾನೊಬ್ಬನೇ. ನನ್ನ ಕೂಗಾಟಕ್ಕೆ ಆ ಮನೆಯಲ್ಲಿ ಯಾವತ್ತು ಬೆಲೆ ಇತ್ತು. ಭಾವ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಅವಳಿಗೆ ಎಲ್ಲ ಕಲಿಸಿದರು. ಒಂದೇ ವರ್ಷದಲ್ಲಿ ಅವಳು ಹತ್ತು ನಿಮಿಷಕ್ಕೆ ಒಂದು ಹಂದಿಯ ಹೊಟ್ಟೆ ಬಿಡಿಸುವಂತಾದಳು. ಒಳಗಿನದೆಲ್ಲ ಒಂದೇ ಗಂಟಾಗಿ ಟ್ರೇಗೆ ಜಾರುತ್ತಿತ್ತು. ಭಾವ ಆ ಕರುಳನ್ನು ಎತ್ತಿ, ತಿರುವಿ ನೋಡಿ, “ಪಾಸ್” ಅನ್ನುತ್ತಿದ್ದರು. ಮೀಸೆ ಎಂದು ನಾವು ಕರೆಯುತ್ತಿದ್ದ ಬೇಟೆಯವರ ಯಜಮಾನನಂತೂ, “ಸರ್ಜನ್ನು ರಿಟೈರ್ ಆದ್ರು, ಲೇಡಿ ಡಾಕ್ಟ್ರು ಬಂದ್ರು,” ಎಂದು ಎಲ್ಲ ಕಡೆ ಹೇಳಿಕೊಂಡು ಬಂದ.

ಮದುವೆಯಾಗಿ ಆರು ವರ್ಷದ ಮೇಲೆ ಅವಳಿಗೆ ಬಸಿರು ನಿಂತಿತು. ಆ ಆರು ವರ್ಷ ಅವಳು ಎಷ್ಟು ಆಸ್ಪತ್ರೆಯ ಬೆಂಚು ಸವೆಸಿದ್ದಳೋ ನನಗೆ ಗೊತ್ತು, ಕರೆದುಕೊಂಡು ಹೋದ ಗಾಡಿ ನನ್ನದೇ.  ಸುದ್ದಿ ಕೇಳಿದ ದಿನ ಭಾವ ಎದ್ದು ಹೋಗಿ ಶೆಡ್ಡಿನ ನೆಲವನ್ನು ಎರಡು ಸಲ ತೊಳೆದರು. ಮಾರನೆಯ ದಿನ ಅಟ್ಟದಿಂದ ಅವಳ ಹಳೆಯ ತೊಟ್ಟಿಲನ್ನು ಇಳಿಸಿ, ಮರಳು ಕಾಗದ ಹಿಡಿದು ಉಜ್ಜಲು ಕೂತರು. ಆ ಮಗು ಬಂದರೆ ಆ ಮನೆಗೆ ಮತ್ತೆ ಉಸಿರು ಬರುತ್ತದೆ ಎಂದು ನನಗೂ ಅನಿಸಿತ್ತು. ಸುಳ್ಳೇಕೆ, ನನಗೆ ಅವರಿಗಿಂತ ಹೆಚ್ಚು ಆಸೆ ಇತ್ತು.

ಮಾಂಸಕ್ಕೆ ಸೀಲು ಹಾಕಲು ಒಬ್ಬ ಪಶುವೈದ್ಯೆ ಬರುತ್ತಿದ್ದರು. ವಯಸ್ಸು ಚಿಕ್ಕದು, ಮಾತು ಖಡಕ್ಕು. ವಿಷಯ ಗೊತ್ತಾದ ಕೂಡಲೇ ಸೀಲು ಕೆಳಗಿಟ್ಟು, “ಈ ಕೆಲಸ ಇವತ್ತಿಗೆ ನಿಲ್ಸಿ,” ಎಂದರು.

“ಇದೊಂದು ಸೀಸನ್ನು ಮೇಡಂ,” ಎಂದಳು ನಮ್ಮ ಹುಡುಗಿ. “ಅಪ್ಪನ ಕೈ ನೋಡಿ ಹೇಗಾಗಿದೆ. ಐದನೇ ತಿಂಗಳಿಗೆ ನಿಲ್ಲಿಸಿಬಿಡ್ತೀನಿ.”

“ಕಾಡುಹಂದಿ ರಕ್ತದಲ್ಲಿ ಏನೇನೋ ಇರುತ್ತೆ ಕಣಮ್ಮ. ಅದರಲ್ಲೂ ಗಬ್ಬದ ಹಂದಿ. ನಿಲ್ಸು ಅಂದ್ರೆ ನಿಲ್ಸಲ್ಲ ನೀನು. ಗ್ಲೌಸ್ ಆದ್ರೂ ಹಾಕ್ಕೋ, ಬರಿಗೈಲಿ ಮುಟ್ಟಬೇಡ,” ಎಂದು ಗಾಡಿಯಿಂದ ಒಂದು ದೊಡ್ಡ ಪೆಟ್ಟಿಗೆ ಗ್ಲೌಸ್ ತಂದುಕೊಟ್ಟು, ಭಾವನ ಕಡೆ ತಿರುಗಿ, “ನೀವು ನೋಡ್ಕೋಬೇಕು,” ಎಂದರು. ಭಾವ ಎದೆ ಮುಟ್ಟಿಕೊಂಡು ಒಪ್ಪಿದರು.

ಅವರು ನೋಡಿಕೊಂಡರು. ಅವತ್ತು ಸಂಜೆ ನಾನು ಟೀ ಕುಡಿಯಲು ಹೋದಾಗ ಭಾವ ನಡುಮನೆಯಲ್ಲಿ ಕನ್ನಡಕ ಹಾಕಿಕೊಂಡು, ತೊಡೆಯ ಮೇಲೆ ಟವೆಲು ಹಾಸಿಕೊಂಡು, ಕತ್ತರಿ ಹಿಡಿದು ಕೂತಿದ್ದರು. ಯಾವ ಕೈಗಾದರೂ ಆಗುವಂಥ ಆ ಪೆಟ್ಟಿಗೆಯ ಗ್ಲೌಸನ್ನು ಎರಡು ಪಾಲು ಮಾಡಿದ್ದರು. ಬಲಗೈಯ ಪಾಲು ಹಾಗೇ ಇತ್ತು. ಎಡಗೈಯ ಪಾಲಿನಲ್ಲಿ ಒಂದೊಂದರದೂ ತೋರುಬೆರಳು, ನಡುಬೆರಳಿನ ತುದಿಯನ್ನು ಕತ್ತರಿಸುತ್ತಿದ್ದರು. ಊದಿದ ಮಣಿಕಟ್ಟು ನೋಯುತ್ತಿತ್ತು, ಆಗಾಗ ಕತ್ತರಿ ಇಟ್ಟು ಕೈ ಕೊಡವುತ್ತಿದ್ದರು. ಹರಿಯದ ಹಾಗೆ, ಅಂಚು ಸೊಟ್ಟಗಾಗದ ಹಾಗೆ, ದರ್ಜಿಯಂತೆ ಕತ್ತರಿಸುತ್ತಿದ್ದರು.

“ಪೂರ್ತಿ ಮುಚ್ಚಿದ್ರೆ ಕರುಳು ಸೀಳಿಬಿಡ್ತಾಳೆ ಕಣೋ,” ಎಂದರು. “ಹೀಗಾದ್ರೆ ಕೈನೂ ಮುಚ್ಚಿತು, ಕಣ್ಣೂ ಇದ್ದಂಗಾಯ್ತು.”

ನಾನು ಏನು ಹೇಳಿದೆ ಗೊತ್ತೇ. “ಭಾವ, ನಿಮ್ಮ ತಲೆಗೆ ಯಾರಾದ್ರೂ ಬಹುಮಾನ ಕೊಡಬೇಕು,” ಎಂದೆ. ಟೀ ಕುಡಿದು ನಾಲ್ಕು ಗ್ಲೌಸನ್ನು ನಾನೂ ಕತ್ತರಿಸಿಕೊಟ್ಟೆ. ಕತ್ತರಿಸಿದ ತುದಿಗಳನ್ನು ಮಾರನೆಯ ದಿನ ಮೀಸೆ ಜೇಬು ತುಂಬ ಒಯ್ದ. ಮಳೆಯಲ್ಲಿ ಬಂದೂಕಿನ ನಳಿಗೆಯ ಬಾಯಿಗೆ ಸಿಕ್ಕಿಸಲು ಹೇಳಿಮಾಡಿಸಿದ ಹಾಗಿದ್ದವು. ಬೇಟೆಯವರ ಬಂದೂಕಿನ ತುದಿಯಲ್ಲೆಲ್ಲ ಬಿಳಿ ಟೋಪಿ. ನಾವೆಲ್ಲ ನಕ್ಕೆವು. ಅವಳೂ ನಕ್ಕಳು.

ಅವಳು ಒಂದು ದಿನವೂ ಗ್ಲೌಸ್ ಇಲ್ಲದೆ ಚಾಕು ಹಿಡಿಯಲಿಲ್ಲ. ಭಾವ ತಾವೇ ಮುಂದೆ ನಿಂತು ತೊಡಿಸುತ್ತಿದ್ದರು, ಮೊದಲು ಬಲಗೈ, ಆಮೇಲೆ ಎಡಗೈ. ಎರಡು ಬೆರಳ ತುದಿ ಆಚೆ ಬಂದಮೇಲೆ ಅವನ್ನೊಂದು ಸಲ ಒತ್ತಿ ಬಿಡುತ್ತಿದ್ದರು. ಆ ತಿಂಗಳು ಬಂದ ಹಂದಿಗಳಲ್ಲಿ ಮೂರು ಗಬ್ಬದವಿದ್ದವು. ಚೀಲದೊಳಗಿನ ಮರಿಗಳನ್ನು ನೋಡಬಾರದೆಂದು ಭಾವ ಅವಳಿಗೆ ಮುಖ ತಿರುಗಿಸು ಎನ್ನುತ್ತಿದ್ದರು. ಅವಳು ಮುಖ ತಿರುಗಿಸಿಕೊಂಡು ಆ ಎರಡು ಬೆರಳಿನಲ್ಲೇ ತಡಕಿ ಚೀಲವನ್ನು ಬಿಡಿಸಿ ತೆಗೆಯುತ್ತಿದ್ದಳು. ಬೆರಳ ತುದಿಯಲ್ಲಿ ಚಾಕುವಿನ ಸಣ್ಣ ಗೀರುಗಳು ಯಾವಾಗಲೂ ಇರುತ್ತಿದ್ದವು. ಈ ಕೆಲಸದವರಲ್ಲಿ ಅದಿಲ್ಲದ ಬೆರಳೇ ಇಲ್ಲ.

ಹೇಳಿದಂತೆ ಐದನೆಯ ತಿಂಗಳಿಗೆ ನಿಲ್ಲಿಸಿದಳು. ನಿಲ್ಲಿಸಿದ ವಾರಕ್ಕೆ ಜ್ವರ ಬಂತು. ಸಂಜೆ ಏರುವುದು, ಬೆಳಿಗ್ಗೆ ಬೆವೆತು ಇಳಿಯುವುದು. ಸೊಂಟ ನೋವು. ಭಾವ ಅವಳ ಹಣೆ ಮುಟ್ಟಿ ನೋಡಿ, “ನನಗೆ ಬರೋ ಥರಾನೇ ಇದೆ, ದಣಿವು, ಹೋಗುತ್ತೆ,” ಎಂದರು. ನಾನು ಕೇಳಲಿಲ್ಲ. ಗಾಡಿ ತಂದು ನಿಲ್ಲಿಸಿ ಮೂವರನ್ನೂ ಹತ್ತಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದೆ.

ಅಲ್ಲಿನ ಡಾಕ್ಟರು ಒಳ್ಳೆಯವರೇ. ಅವರನ್ನು ಬೈಯಲು ನನಗೆ ಕಾರಣ ಸಿಕ್ಕಿಲ್ಲ, ಹುಡುಕಿದ್ದೇನೆ. ಕೇಳಬೇಕಾದ್ದನ್ನು ಮೊದಲ ದಿನವೇ ಕೇಳಿದರು.

“ಮನೇಲಿ ಪ್ರಾಣಿಗಳ ಕೆಲಸ ಏನಾದ್ರೂ ಇದೆಯಾ?”

“ಹಂದಿ ಬಿಡಿಸೋದು,” ಎಂದರು ಭಾವ.

ಡಾಕ್ಟರ ಪೆನ್ನು ನಿಂತಿತು. “ಬರಿಗೈಲಾ?”

“ಇಲ್ಲ ಡಾಕ್ಟ್ರೆ. ಗ್ಲೌಸ್ ಇಲ್ದೆ ಒಂದು ದಿನ ಮುಟ್ಟಿಲ್ಲ. ನಾನೇ ನಿಂತು ಹಾಕಿಸ್ತಿದ್ದೆ.”

ಡಾಕ್ಟರು ನನ್ನ ಕಡೆ ನೋಡಿದರು. ನಾನೂ, “ಹೌದು, ದಿನಾ ಹಾಕ್ತಿದ್ಲು,” ಎಂದೆ. ಅಳಿಯನೂ ತಲೆ ಆಡಿಸಿದ. ಮಂಚದ ಮೇಲೆ ಮಲಗಿದ್ದ ಅವಳೂ ಹೌದೆಂದಳು. ನಾಲ್ವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನಮಗೆ ಅದು ಗ್ಲೌಸೇ ಆಗಿತ್ತು. ಡಾಕ್ಟರು ಆ ದಾರಿ ಬಿಟ್ಟು ಮೂತ್ರದ ಸೋಂಕಿರಬೇಕೆಂದು ಅದಕ್ಕೆ ಔಷಧಿ ಶುರುಮಾಡಿದರು.

ಒಂಬತ್ತು ದಿನ ಹಾಗೇ ಹೋಯಿತು. ಜ್ವರ ಇಳಿಯಲಿಲ್ಲ. ಬೇರೆ ಕಡೆಯಿಂದ ಬಂದ ಹಿರಿಯ ಡಾಕ್ಟರೊಬ್ಬರು, ಗ್ಲೌಸ್ ಹಾಕಿದ್ದರೂ ಇರಲಿ, ನೋಡಿಬಿಡೋಣ ಎಂದು ಬೇರೊಂದು ರಕ್ತ ಪರೀಕ್ಷೆ ಬರೆದರು. ರಿಪೋರ್ಟು ಬರುವುದಕ್ಕೆ ಎರಡು ದಿನ. ಅದು ಬರುವ ಮೊದಲಿನ ಮಧ್ಯಾಹ್ನ ಅವಳಿಗೆ ನೋವು ಕಾಣಿಸಿಕೊಂಡಿತು. ನಾಲ್ಕು ಗಂಟೆಗೆ ಎಲ್ಲ ಮುಗಿಯಿತು. ಗಂಡು ಮಗು ಎಂದು ನರ್ಸಮ್ಮ ಹೇಳಿದಳು. ನಾವು ಕೇಳಿರಲಿಲ್ಲ. ಅಳಿಯ ಗೋಡೆಯ ಕಡೆ ತಿರುಗಿ ನಿಂತ. ಭಾವ ಬೆಂಚಿನ ಮೇಲೆ ಕೂತು, ಯಾರೋ ಬಿಟ್ಟುಹೋದ ಖಾಲಿ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿ ಹಾಕುವುದು, ತೆಗೆಯುವುದು ಮಾಡುತ್ತಿದ್ದರು.

ಮಾರನೆಯ ದಿನ ಹಿರಿಯ ಡಾಕ್ಟರು ರಿಪೋರ್ಟು ಹಿಡಿದು ವಾರ್ಡಿಗೆ ಬಂದರು. ಕಾಯಿಲೆಗೆ ಒಂದು ಉದ್ದನೆಯ ಹೆಸರು ಹೇಳಿದರು. ಹಂದಿಯ ರಕ್ತದಿಂದ, ಗರ್ಭದ ನೀರಿನಿಂದ, ಕೈಯಲ್ಲಿ ಸಣ್ಣ ಗೀರಿದ್ದರೂ ಸಾಕು, ಒಳಗೆ ಸೇರುತ್ತದಂತೆ. ಬಂದು ಬಂದು ಹೋಗುವ ಜ್ವರ, ಕೀಲು ನೋವು, ವರ್ಷಗಟ್ಟಲೆ ಇರಬಹುದಂತೆ. ಭಾವನ ರಕ್ತವನ್ನೂ ನೋಡಬೇಕೆಂದರು. ಕಾಯಿಲೆ ಮೊದಲೇ ಗೊತ್ತಾಗಿದ್ದರೆ ಔಷಧಿ ಇತ್ತು, ಮಗು ಉಳಿಯುವ ಸಾಧ್ಯತೆಯೂ ಇತ್ತು ಎಂದು ಮೆಲ್ಲಗೆ ಹೇಳಿದರು. ಸಾಯುವ ತನಕ ಭಾವನ ರಕ್ತದ ಬಟ್ಟೆ ಒಗೆದ ನನ್ನ ಅಕ್ಕನ ನೆನಪು ನನಗೆ ಬಂತು, ಉಳಿಯದ ಆ ಎರಡು ಬಸಿರೂ ನೆನಪಾದವು. ಆ ಮಾತನ್ನು ನಾನು ಯಾರಲ್ಲೂ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ.

“ಗ್ಲೌಸ್ ಹಾಕ್ತಿದ್ರಿ ಅಂತ ಬರ್ದಿದೆ,” ಎಂದರು ಡಾಕ್ಟರು. “ಹರಿದಿದ್ವಾ? ತೂತು ಏನಾದ್ರೂ?”

ಭಾವನ ಎಡಗೈ ತೊಡೆಯ ಮೇಲಿತ್ತು. ಅವರು ಆ ಎರಡು ಬೆರಳನ್ನೇ ನೋಡುತ್ತಿದ್ದರು. ಅವರಿಗೆ ಆಗ ಹೊಳೆಯಿತು. ಹೊಳೆದದ್ದು ನನಗೆ ಕಂಡಿತು, ಅದೇ ಗಳಿಗೆಯಲ್ಲಿ ನನಗೂ ಹೊಳೆದಿತ್ತು. ನಡುಮನೆಯಲ್ಲಿ ನಾನು ಕತ್ತರಿಸಿಕೊಟ್ಟ ನಾಲ್ಕು ಗ್ಲೌಸ್ ಕಣ್ಣ ಮುಂದೆ ಬಂದವು. ಭಾವ ಬಾಯಿ ತೆರೆದರು.

“ನಾನೇ ತೆಗೀತಿದ್ದೆ ಡಾಕ್ಟ್ರೆ,” ಎಂದಳು ಅವಳು. ದಿಂಬಿನಿಂದ ತಲೆ ಎತ್ತಲಿಲ್ಲ. “ಅಪ್ಪ ಆಕಡೆ ಹೋದಾಗ ಬಿಚ್ಚಿ ಇಡ್ತಿದ್ದೆ. ಬೆವರುತ್ತೆ ಅಂತ. ಅಪ್ಪನಿಗೆ ಗೊತ್ತಿಲ್ಲ. ಗೊತ್ತಿದ್ರೆ ಬೈತಿದ್ರು.”

ಡಾಕ್ಟರು ಬರೆದುಕೊಂಡರು. ಅಳಿಯ ಹೆಂಡತಿಯ ಕಡೆ ಒಂದು ಸಲ ನೋಡಿದ. ಆರು ವರ್ಷ ಕಾದವನು ನೋಡುವ ನೋಟ ಅದು, ಅದರಲ್ಲಿ ಬೈಗುಳವೂ ಇತ್ತು. ಅವನು ಹಗಲೆಲ್ಲ ಡಿಪೋದಲ್ಲಿರುತ್ತಿದ್ದ, ಗ್ಲೌಸನ್ನು ಹೇಗೆ ಕತ್ತರಿಸಿದ್ದೆವು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ಆ ನೋಟವನ್ನು ತಡೆದುಕೊಂಡಳು. ನಾನು ಭಾವನ ಮುಖ ನೋಡಿದೆ. ಈಗ ಹೇಳುತ್ತಾರೆ ಎಂದು ಕಾದೆ. ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವಳನ್ನು ನಾವಿಬ್ಬರೂ ಸೇರಿ ಆ ಸುಳ್ಳಿನ ಕೆಳಗೆ ಬಿಟ್ಟುಬಂದೆವು.

ಮನೆಗೆ ಬಂದು ಎಂಟು ದಿನ ಭಾವ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ರಕ್ತ ಪರೀಕ್ಷೆಯಲ್ಲಿ ಅವರಿಗೂ ಅದೇ ಕಾಯಿಲೆ ಬಂದಿತ್ತು, ಹಳೆಯದು. ಮಾತ್ರೆಯನ್ನು ಹೊತ್ತು ಹೊತ್ತಿಗೆ ನುಂಗುತ್ತಿದ್ದರು. ತೊಟ್ಟಿಲಿಗೆ ಹಳೆಯ ಬೆಡ್‌ಶೀಟು ಹೊದಿಸಿ ಮೂಲೆಗೆ ತಳ್ಳಿದ್ದರು. ಅಳಿಯ ಡಿಪೋದಲ್ಲೇ ಹೆಚ್ಚು ಹೊತ್ತು ಇರತೊಡಗಿದ. ಅವಳು ತನ್ನ ಕೋಣೆಯಲ್ಲಿ ಮಲಗಿರುತ್ತಿದ್ದಳು. ಅಪ್ಪ ಮಗಳು ಊಟ ಆಯಿತಾ, ಮಾತ್ರೆ ತಗೊಂಡೆಯಾ ಎಂದಷ್ಟೇ ಕೇಳಿಕೊಳ್ಳುತ್ತಿದ್ದರು.

ಒಂಬತ್ತನೆಯ ದಿನ ಬೆಳಿಗ್ಗೆ ಮೀಸೆ ಬಂದ. ವಿಷಯ ಗೊತ್ತಿದ್ದರೂ ಬೇರೆ ದಾರಿಯಿರಲಿಲ್ಲ. ಮನೆಯ ಹತ್ತಿರದ ಹೊಲದಲ್ಲೇ ದೊಡ್ಡ ಹಂದಿ ಬಿದ್ದಿತ್ತು, ಬಿಸಿಲು ಏರುತ್ತಿತ್ತು. ತಲೆ ಕೆರೆದುಕೊಂಡು ಗೇಟಿನ ಹತ್ತಿರ ನಿಂತಿದ್ದ. ಅವನ ಭುಜದ ಬಂದೂಕಿನ ತುದಿಯಲ್ಲಿ ಬಿಳಿ ಟೋಪಿ ಹಾಗೇ ಇತ್ತು. ನಾನು ಅವನನ್ನು ಬೈದು ಅಟ್ಟಬೇಕೆಂದಿದ್ದೆ.

“ಶೆಡ್ಡಿಗೆ ತಗೊಂಡ್ಬಾ,” ಎಂದರು ಭಾವ, ಹಿಂದಿನಿಂದ.

ಹಂದಿಯನ್ನು ಇಳಿಸಿ ಮೀಸೆಯನ್ನು ಕಳಿಸಿದರು. ಗ್ಲೌಸಿನ ಪೆಟ್ಟಿಗೆಯಲ್ಲಿ ಬಲಗೈಯ ಪಾಲಿನಿಂದ ಎರಡು ಜೊತೆ ತೆಗೆದು ನನಗೊಂದು ಜೊತೆ ಕೊಟ್ಟರು. ಆಮೇಲೆ ತಾವು ತೊಟ್ಟುಕೊಂಡರು, ಎರಡೂ ಕೈಗೆ ಕತ್ತರಿಸದ ಗ್ಲೌಸ್. ನಲವತ್ತು ವರ್ಷದಲ್ಲಿ ಅವರ ಆ ಎರಡು ಬೆರಳು ಮುಚ್ಚಿದ್ದನ್ನು ನಾನು ಮೊದಲ ಸಲ ನೋಡಿದೆ.

“ಕಾಲು ಹಿಡ್ಕೋ,” ಎಂದರು.

ದ್ವಾರದ ಸುತ್ತ ಕೊರೆದರು, ದಾರ ಬಿಗಿದರು. ಕೆಳಗೆ ಸಣ್ಣದಾಗಿ ಸೀಳಿ ಎಡಗೈಯ ಎರಡು ಬೆರಳು ಇಳಿಸಿದರು. ಊದಿದ ಮಣಿಕಟ್ಟು ಸರಿಯಾಗಿ ಬಗ್ಗುತ್ತಿರಲಿಲ್ಲ. ಅವರು ಏನು ಮಾಡುತ್ತಿದ್ದಾರೆಂದು ನನಗೆ ಆಗ ಅರ್ಥವಾಯಿತು. ಕರುಳು ಸೀಳಲಿ ಎಂದು ನಾನು ಬೇಡಿಕೊಂಡೆ. ಎಲ್ಲಾದರೂ ಒಂದು ಕಡೆ ಸೀಳಲಿ, ಆ ವಾಸನೆ ಎದ್ದು ಬರಲಿ. ಸೀಳಿದರೆ ಆ ಕತ್ತರಿಗೆ ಒಂದು ಕಾರಣವಾದರೂ ಸಿಗುತ್ತದೆ, ಬೇರೆ ದಾರಿ ಇರಲಿಲ್ಲ ಎಂದು ಈ ಮನುಷ್ಯ ಇನ್ನುಳಿದ ದಿನಗಳನ್ನು ಹೇಗೋ ನೂಕುತ್ತಾನೆ. ಭಾವನೂ ಅದನ್ನೇ ಬೇಡಿಕೊಳ್ಳುತ್ತಿದ್ದರೋ ಏನೋ. ಆದರೆ ಅವರ ಕೈಗೆ ಬೇಕೆಂದು ತಪ್ಪು ಮಾಡುವುದು ಗೊತ್ತಿರಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ಎದೆಗೂಡಿನ ತನಕ ಗೆರೆ ನೆಟ್ಟಗೆ ಹೋಯಿತು. ಒಳಗಿನದೆಲ್ಲ ಒಂದೇ ಗಂಟಾಗಿ ಟ್ರೇಗೆ ಜಾರಿತು, ಮೂತ್ರಚೀಲ ತುಂಬಿದ್ದು ತುಂಬಿದ ಹಾಗೇ.

ಭಾವ ನೆಲದ ಮೇಲೆ ಕೂತು ಪೈಪಿನ ನೀರು ಬಿಟ್ಟು ಕರುಳನ್ನು ತೊಳೆಯತೊಡಗಿದರು. ಮೊಳ ಮೊಳ ಸರಿಸುತ್ತ, ತಿರುವುತ್ತ, ಬಾಗಿಲ ಬೆಳಕಿಗೆ ಹಿಡಿಯುತ್ತ ಈ ತುದಿಯಿಂದ ಆ ತುದಿಗೆ ಹೋದರು. ಮತ್ತೆ ಆ ತುದಿಯಿಂದ ಈ ತುದಿಗೆ ಬಂದರು.

“ನೀನೊಂದು ಸಲ ನೋಡೋ,” ಎಂದರು. “ನನ್ನ ಕಣ್ಣು ಸರಿ ಕಾಣಲ್ಲ.”

ನಾನು ಪಕ್ಕದಲ್ಲಿ ಕೂತು ಪೂರ್ತಿ ನೋಡಿದೆ. ಮತ್ತೆ ಒಂದು ಕಡೆ ಬೆರಳಿಟ್ಟು, “ಇಲ್ಲಿ ಇದೆ ಭಾವ. ಸಣ್ಣದು. ಗೀರಿದೆ,” ಎಂದೆ.

ಅವರು ಆ ಜಾಗವನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ತಿರುವಿ ಹಿಡಿದು ಮತ್ತೊಂದು ಸಲ ಮೂಸಿದರು.

“ವಾಸನೆ ಎಲ್ಲಿದೆ ಹಾಗಾದ್ರೆ?” ಎಂದರು.

 ಪೈಪಿನ ನೀರು ಹರಿಯುತ್ತಲೇ ಇತ್ತು. ಶೆಡ್ಡಿನಲ್ಲಿ ಹಸಿ ರಕ್ತದ ವಾಸನೆ ಮತ್ತು ಫಿನಾಯಿಲಿನ ವಾಸನೆ ಬಿಟ್ಟರೆ ಬೇರೆ ಯಾವುದೂ ಇರಲಿಲ್ಲ.